ಟ್ಯಾಲಿಪ್ರೈಮ್: ಒಮ್ಮೆ ಕೊಂಡರೆ ನಮ್ಮದೇ

ಈಗ ಸಾಫ್ಟ್‌ವೇರ್ ಕಂಪನಿಗಳೆಲ್ಲ ಕ್ಲೌಡ್ ಕಡೆಗೆ, ತಿಂಗಳ ಬಾಡಿಗೆ ಕಡೆಗೆ ಹೋಗುತ್ತಿವೆ ಅಲ್ವಾ? ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲೂ ಒಂದು ವರ್ಷ ಅಂಥದ್ದನ್ನೇ ಬಳಸಿದೆವು. ನೆಟ್ ಹೋದ ದಿನ ಗಿರಾಕಿ ಎದುರಿಗೇ ನಿಂತಿದ್ದರೂ ಬಿಲ್ ಹಾಕಲು ಆಗುತ್ತಿರಲಿಲ್ಲ, ಸಾಲದ್ದಕ್ಕೆ ವರ್ಷ ತುಂಬುತ್ತಲೇ ದರವೂ ಏರಿತು. ಸಾಕಾಗಿ ಟ್ಯಾಲಿಪ್ರೈಮ್ ಅನ್ನುವ ಬಿಲ್, ಲೆಕ್ಕಪತ್ರದ ಸಾಫ್ಟ್‌ವೇರ್‌ಗೆ ಬಂದೆವು.

ಇದನ್ನು ಮಾಡುವ ಟ್ಯಾಲಿ ಸೊಲ್ಯೂಷನ್ಸ್ 1986ರಿಂದ ಇರುವ, ಬೆಂಗಳೂರಿನಲ್ಲೇ ಮುಖ್ಯ ಕಚೇರಿ ಇರುವ ಕಂಪನಿ. ಇವರ ದಾರಿ ನನಗೆ ಇಷ್ಟ. ಲೈಸೆನ್ಸ್ ಒಮ್ಮೆ ಕೊಂಡರೆ ನಮ್ಮದೇ, ಡೇಟಾ ನಮ್ಮ ಕಂಪ್ಯೂಟರ್‌ನಲ್ಲೇ ಇರುತ್ತದೆ, ನೆಟ್ ಬೇಕಾಗುವುದು ಮುಖ್ಯವಾಗಿ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಾಗುವ ಬಿಲ್), ಇ-ವೇ ಬಿಲ್‌ನಂಥ (ಸರಕು ಸಾಗಿಸಲು ಬೇಕಾದ ದಾಖಲೆ) ಕೆಲಸಕ್ಕೆ. ಮೌಸ್ ಮುಟ್ಟುವುದೇ ಅಪರೂಪ: ಎಫ್8 ಒತ್ತಿದರೆ ಮಾರಾಟ, ಎಫ್9 ಖರೀದಿ, ಏನೂ ನೆನಪಾಗದಿದ್ದರೆ ಆಲ್ಟ್ ಜಿ ಒತ್ತಿ ಹುಡುಕಬಹುದು. ಕೆಲಸಕ್ಕೆ ಸೇರಿದ ಹೊಸ ಹುಡುಗ ಬೇಗ ಕಲಿತ. ಅದಕ್ಕಿಂತ ಜಾಸ್ತಿ ಅನುಕೂಲ ಅಂದರೆ, ನಮ್ಮ ಆಡಿಟರಿಗೂ ಇದೇ ಗೊತ್ತು.

ಒಂದು ಮಾತು, ಹೊಸ ಆವೃತ್ತಿಗಳು ಬೇಕೆಂದರೆ ಟಿಎಸ್‌ಎಸ್ (ಟ್ಯಾಲಿಯವರ ಚಂದಾ ಸೇವೆ) ನವೀಕರಿಸುತ್ತಿರಬೇಕು, ಜಿಎಸ್‌ಟಿ ನಿಯಮಗಳು ಬದಲಾಗುತ್ತಲೇ ಇರುವುದರಿಂದ ಅದು ಬೇಡ ಅನ್ನುವ ಹಾಗೂ ಇಲ್ಲ. ಬ್ಯಾಕಪ್ ಕಡೆಗೂ ನಾವೇ ಗಮನ ಕೊಡಬೇಕು. ದಿನಾ ಸಂಜೆ ಶಟರ್ ಎಳೆಯುವ ಮುಂಚೆ ಪೆನ್‌ಡ್ರೈವ್‌ಗೆ ತೆಗೆದಿಟ್ಟುಕೊಳ್ಳಿ, ಮರೆಯಬೇಡಿ.