ತೀನ್ ಕಂದೀಲ್ ಕಡಿ ಝೆರಾಕ್ಸ್ ಅಂಗಡಿ, ಅದ್ರ ಹಿಂದಿನ ರೂಮು, ಡಿಸೆಂಬರಿನ ಮಿರ್ಚಿ ಪಂದ್ಯ

ರಾಯಚೂರಿನ್ಯಾಗ ಕಾದಂಬರಿ ಎಲ್ಲಿ ಸಿಗ್ತಾವ ಅಂತ ಯಾರನ್ನರ ಕೇಳ್ರಿ, ಕಾಂಪಿಟೇಟಿವ್ ಎಕ್ಸಾಮ್ ಬುಕ್ ಮಾರೋ ಅಂಗಡಿಗೇ ಕೈ ತೋರಸ್ತಾರ. ಅಲ್ಲಿ ಎಫ್‌ಡಿಎ, ಪಿಎಸ್‌ಐ ಗೈಡಿನ ಗುಡ್ಡದ ಹಿಂದ ನಾಕು ಕಾದಂಬರಿ ಧೂಳು ತಿನ್ಕೊಂತ ಕುಂತಿರ್ತಾವ, ಅದ್ರಾಗ ಎರಡು ಹೋದ ಸಲ ಹೋದಾಗ ನೋಡಿದ್ವೇ ಇರ್ತಾವ. ನಾನು ಶಕ್ತಿನಗರದಾಗ ಶಿಫ್ಟ್ ಡ್ಯೂಟಿ ಮಾಡಾಂವ, ನೈಟ್ ಮುಗಿಸಿ ನಿದ್ದಿ ಬರ್ಲಾರ್ದಾಗ ಓದೋ ಚಟ, ಅದಕ್ಕ ಪುಸ್ತಕ ಬೇಕೇ ಬೇಕು. ಹುಡುಕಿ ಹುಡುಕಿ ಸಿಕ್ಕಿದ್ದು ಈ ಅಂಗಡಿ.

ಬೋರ್ಡ್ ನೋಡಿ ಹೋಗ್ತೀನಿ ಅಂದ್ರ ಸಿಗಂಗಿಲ್ಲ. ಬೋರ್ಡಿನ ಮ್ಯಾಲೆ ಝೆರಾಕ್ಸ್, ಲ್ಯಾಮಿನೇಷನ್ ಅಂತಷ್ಟೇ ಅದ. ತೀನ್ ಕಂದೀಲ್ ಕಡಿಂದ ಒಳಗ ಸಂದಿ ಹಿಡ್ದು ಬರ್ರಿ, ಝೆರಾಕ್ಸ್ ಮಶೀನ್ ದಾಟಿ ಪರದೆ ಸರಿಸಿದ್ರ ಹಿಂದ ಒಂದು ಸಣ್ಣ ರೂಮು, ಮೂರು ಗೋಡಿಗೂ ಕಬ್ಬಿಣದ ರ್ಯಾಕು. ಮಾರೋ ಪುಸ್ತಕ ಎಡಕ್ಕ, ಬಾಡಿಗಿ ಪುಸ್ತಕ ಬಲಕ್ಕ, ಬಾಡಿಗಿ ವಾರಕ್ಕ 15 ರೂಪಾಯಿ, ಡಿಪಾಸಿಟ್ ಅರ್ಧ ರೇಟು. ಮಾಲಕರನ್ನ ಎಲ್ಲರೂ ಕಾಕಾ ಅಂತೀವಿ.

ನಾನು ಈ ಅಂಗಡಿಗಿ ಸ್ಟಾರ್ ಕೊಡೋದು ಎದುರಿನ ಗೋಡಿ ಸಲುವಾಗಿ. ಆ ಗೋಡಿ ತುಂಬ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿದು. ಪ್ರಶಸ್ತಿ ಪುಸ್ತಕ ಅಂತ ಪಟ್ಟಿ ಹಚ್ಚಿ ಮಾರೋರು ಬೇಕಾದಷ್ಟು ಮಂದಿ ಅದಾರ, ಕಾಕಾ ಮಾಡಿದ್ದು ಉಲ್ಟಾ, ಪ್ರಶಸ್ತಿ ಬರ್ಲಾರದ ಪುಸ್ತಕಕ್ಕೂ ಚೀಟಿ ಅಂಟಿಸ್ಯಾರ. ಮರಳಿ ಮಣ್ಣಿಗೆ ಕೆಳಗ ನೀಲಿ ಪೆನ್ನಿನ್ಯಾಗ, “ಕಾರಂತರಿಗಿ ಕೇಂದ್ರ ಅಕಾಡೆಮಿ ಬಂದಿದ್ದು 1959, ಯಕ್ಷಗಾನ ಬಯಲಾಟಕ್ಕ, ಇದಕ್ಕಲ್ಲ”. ಭೈರಪ್ಪನವರ ಪರ್ವದ ಕೆಳಗ, “1975, ದಾಟು. ಇದಕ್ಕಲ್ಲ”. ತೇಜಸ್ವಿ ಅವ್ರ ಕರ್ವಾಲೊ ಕೆಳಗ, “1987, ಚಿದಂಬರ ರಹಸ್ಯ. ಇದಕ್ಕಲ್ಲ. ಆದ್ರೂ ಮೊದ್ಲು ಇದನ್ನೇ ಓದ್ರಿ”. ಈ ಕಡೀದು ಚೀಟಿ ಓದಿ ನಾನು ಅಲ್ಲೇ ನಿಂತು ನಕ್ಕಿದ್ದೆ. ವ್ಯಾಪಾರ ಮಾಡೋ ಮನುಷ್ಯಾ ಹಿಂಗ ಬರಿತಾನೇನ್ರಿ? ಇನ್ನ ಅಕಾಡೆಮಿ ಎರಡು ಅವ, ಒಂದು ದಿಲ್ಲೀದು ಒಂದು ಬೆಂಗಳೂರಿಂದು, ಬೆನ್ನುಡಿಯಾಗ ಬರೇ ಅಕಾಡೆಮಿ ಪುರಸ್ಕೃತ ಅಂತ ಇದ್ರ ಯಾವ ಅಕಾಡೆಮಿ ಅಂತ ಕೇಳಿ ತಗೋರಿ ಅಂತ ಬಾಗಿಲಾಗೇ ಒಂದು ರಟ್ಟು ತೂಗು ಹಾಕ್ಯಾರ.

ಈಗ ಪಂದ್ಯದ ಮಾತು, ಕನ್ನಡದ ಕೇಂದ್ರ ಅಕಾಡೆಮಿ ಪ್ರಶಸ್ತಿ ಈ ಸಲ ಯಾರಿಗಿ ಅಂತ ಕಟ್ಟೋ ಪಂದ್ಯ. ಕಾಕಾನ ಟೇಬಲ್ ಮ್ಯಾಲೆ ಕೆಂಪು ಬಟ್ಟಿ ರಟ್ಟಿನ ಉದ್ದನ ಖಾತಿ ಬುಕ್ ಅದ. ಅದು ಶುರುವಾಗಿದ್ದು ಪಂದ್ಯಕ್ಕಲ್ಲ, ಉದ್ರಿಗಿ. 2016ರ ಡಿಸೆಂಬರ್ ಮೊದಲ ವಾರ ನಮ್ಮೂರಾಗ 82ನೇ ಸಾಹಿತ್ಯ ಸಮ್ಮೇಳನ ಆತಲ್ಲ, ನೋಟು ಬಂದಾಗಿ ಇನ್ನಾ ತಿಂಗಳಾಗಿದ್ದಿಲ್ಲ, ಮಂದಿ ಕೈಯಾಗ ಇದ್ರ ಒಂದು 2000ದ ನೋಟು, ಅದಕ್ಕ ಚಿಲ್ಲರ ಯಾರ ಹತ್ರ ಅದ? ಪುಸ್ತಕ ನೋಡಿ ನೋಡಿ ಕೆಳಗಿಟ್ಟು ಹೋಗೋರನ್ನ ನೋಡ್ಲಾರ್ದ ಕಾಕಾ ಗುರ್ತಿನವರಿಗೆಲ್ಲ ಬರಕೊಂಡು ಕೊಟ್ರಂತ. ಮೊದಲ ಹನ್ನೊಂದು ಪುಟ ಪೂರಾ ಅದೇ, ಹೆಸರು, ಪುಸ್ತಕ, ರೊಕ್ಕ, ಕೆಲವಕ್ಕ ಅಡ್ಡಗೆರಿ ಹೊಡ್ದಾರ, ಕೆಲವಕ್ಕ ಇನ್ನೂ ಹೊಡ್ದಿಲ್ಲ (ಯಾರು ಅಂತ ನಂಗ ಗೊತ್ತದ, ಹೇಳಂಗಿಲ್ಲ). ಅದೇ ತಿಂಗಳು ಕೇಂದ್ರ ಅಕಾಡೆಮಿ ಪ್ರಶಸ್ತಿ ಬೊಳುವಾರು ಮಹಮದ್ ಕುಂಞಿ ಅವ್ರ ಸ್ವಾತಂತ್ರ್ಯದ ಓಟಕ್ಕ ಬಂತು, ಇಟ್ಟಂಗಿಯಂಥಾ ಕಾದಂಬರಿ. ಉದ್ರಿ ಕೊಡಾಕ ಬಂದೋರು ಮುಂದಿನ ವರ್ಷ ಯಾರಿಗಿ ಅಂತ ವಾದಕ್ಕ ನಿಂತ್ರು, ಬಾಯಿ ಮಾತು ಬ್ಯಾಡ ಬರೀರಿ ಅಂತ ಕಾಕಾ ಅದೇ ಬುಕ್ ಮುಂದ ತಳ್ಳಿದ್ರು. ಸೋತೋರು ಗೆದ್ದೋರಿಗಿ ಮಂಡಾಳ ಒಗ್ಗರಣಿ ಮಿರ್ಚಿ ಕೊಡಸ್ಬೇಕು.

ಅಲ್ಲಿಂದ ಕಾದಂಬರಿ ಓದೋರ ನಸೀಬು ಕೆಟ್ಟತು ನೋಡ್ರಿ. 2017ರಿಂದ 2024ರ ತನಕ ಎಂಟು ವರ್ಷ ಕನ್ನಡಕ್ಕ ಬಂದ ಪ್ರಶಸ್ತಿಯಾಗ ಒಂದೂ ಕಾದಂಬರಿ ಇಲ್ಲ, ಒಂದು ಕಥಾಸಂಕಲನನೂ ಇಲ್ಲ. ವಿಮರ್ಶಿ ಬಂತು, ಪ್ರಬಂಧ ಬಂತು, 2019ಕ್ಕ ವಿಜಯಾ ಅವ್ರ ಕುದಿ ಎಸರು ಬಂತು, ಅದು ಆತ್ಮಕಥಿ, 2020ಕ್ಕ ವೀರಪ್ಪ ಮೊಯಿಲಿ ಅವ್ರ ಮಹಾಕಾವ್ಯ, 2021ಕ್ಕ ಡಿ.ಎಸ್. ನಾಗಭೂಷಣ ಅವ್ರ ಗಾಂಧಿ ಕಥನ, 2024ಕ್ಕ ಕೆ.ವಿ. ನಾರಾಯಣ ಅವ್ರ ನುಡಿಗಳ ಅಳಿವು. ಪುಸ್ತಕ ಸಣ್ಣವಲ್ಲ, ಕುದಿ ಎಸರು ನಾನು ಒಂದು ನೈಟ್ ಶಿಫ್ಟಿನ ಮರುದಿನ ಕೂತಲ್ಲೇ ಮುಗಿಸೀನಿ. ಆದ್ರ ಎಂಟು ವರ್ಷ ಅಂದ್ರ ಕನ್ನಡದಾಗ ಯಾರೂ ಒಂದು ಕಥಿ ಬರೀಲೇ ಇಲ್ಲೇನು? ನಾನು ಇದನ್ನ ಕೇಳಿದ್ರ ಅಲ್ಲಿಗಿ ಬರೋ ಒಬ್ಬರು ರಿಟೈರ್ಡ್ ಮಾಸ್ತರು, “ಪ್ರಶಸ್ತಿ ಸಾಹಿತ್ಯಕ್ಕೋ ತಮ್ಮಾ, ಕಾದಂಬರಿಗೆ ರಿಸರ್ವೇಶನ್ ಇಟ್ಟಿಲ್ಲ” ಅಂತಾರ. ಈ ಮಾಸ್ತರು ಪ್ರತಿ ಡಿಸೆಂಬರ್ ಖಾತಿ ಬುಕ್ಕಿನ್ಯಾಗ ಬರಿಯೋದು ಒಂದೇ ಸಾಲು, “ಕಾದಂಬರಿ ಬರಂಗಿಲ್ಲ”. ಹೆಸರಿಲ್ಲ, ಪುಸ್ತಕ ಇಲ್ಲ, ಅಷ್ಟೇ. ಎಂಟೂ ವರ್ಷ ಗೆದ್ದಾರ. ಎಂಟು ವರ್ಷದ ಮಿರ್ಚಿ ತಿಂದು ಈಗ ಅಸಿಡಿಟಿ ಆಗ್ಯದ ಅಂತ ಅವ್ರೇ ಹೇಳ್ತಾರ.

ನಂದೊಂದು ಸೋಲು ಹೇಳ್ತೀನಿ ಕೇಳ್ರಿ. 2024ರಾಗ ನಾನು ಬಾಳ ತಯಾರಿ ಮಾಡ್ಕೊಂಡು ಒಂದು ಕಾದಂಬರಿ ಹೆಸರು ಬರ್ದೆ, ಹಿಂದಿನ ವರ್ಷ ಬಂದಿದ್ದು, ಬಾಳ ಚಂದದ ಪುಸ್ತಕ, ಎರಡು ಸಲ ಓದಿದ್ದೆ. ಕಾಕಾ ಬರಿಯೋತನಕ ಸುಮ್ನಿದ್ದು ಆಮ್ಯಾಲೆ ಗೋಡಿ ಮ್ಯಾಲಿನ ಇನ್ನೊಂದು ರಟ್ಟು ತೋರಿಸಿದ್ರು. ಪ್ರಶಸ್ತಿ ವರ್ಷದ ಹಿಂದಿನ ಒಂದು ವರ್ಷ ಬಿಟ್ಟು ಅದ್ರ ಹಿಂದಿನ ಐದು ವರ್ಷದಾಗ ಮೊದಲ ಸಲ ಅಚ್ಚಾಗಿದ್ದ ಪುಸ್ತಕನೇ ಲೆಕ್ಕಕ್ಕ ಹಿಡಿಯೋದಂತ. ಅಂದ್ರ 2024ಕ್ಕ 2018ರ ಜನವರಿಯಿಂದ 2022ರ ಡಿಸೆಂಬರ್ ತನಕ ಬಂದವು. ನನ್ನ ಪುಸ್ತಕ 2023ರದ್ದು, ಓಟಕ್ಕ ನಿಂತೇ ಇಲ್ಲ! ಮೊದ್ಲೇ ಹೇಳಬಾರದೇನ್ರಿ ಅಂದ್ರ, “ರಟ್ಟು ಯಾಕ ತೂಗು ಹಾಕೀನಿ, ಗಾಳಿ ಬೀಸ್ಕೊಳ್ಳಾಕೇನು” ಅಂದ್ರು. ಆವತ್ತು ಆರು ಮಂದಿ ಮಿರ್ಚಿ ನನ್ನ ತಲಿ ಮ್ಯಾಲೆ.

ಬಾಡಿಗಿ ಕಡಿ ರ್ಯಾಕಿನ್ಯಾಗ ಒಂದು ಪುಸ್ತಕ ತಪ್ಪದೇ ತೆಗೆದು ನೋಡ್ರಿ, ಕುಸುಮಬಾಲೆ, ದೇವನೂರ ಮಹಾದೇವ ಅವ್ರದು, 1990ರ ಪ್ರಶಸ್ತಿ. ಅದು ನಂಜನಗೂಡು ಕಡಿ ಆಡುಮಾತಿನ್ಯಾಗ ಅದ, ನಮ್ಮ ಕಡಿಯವರಿಗಿ ಮೊದಲ ಪುಟಕ್ಕೇ ಗಂಟ್ಲಾಗ ಸಿಗ್ತದ. ಈ ಕಾಪಿಯಾಗ ಒಬ್ಬರಾದ ಮ್ಯಾಲೆ ಒಬ್ಬರು ಪೆನ್ಸಿಲ್‌ನ್ಯಾಗ ಅಂಚಿಗಿ ಅರ್ಥ ಬರ್ಕೋತ ಹೋಗ್ಯಾರ, ಕನಿಷ್ಠ ನಾಕೈದು ಕೈಬರಹ ನಂಗ ಕಂಡಾವ, ಒಂದು ಉರುಟು ಅಕ್ಷರದ್ದು, ಒಂದು ಓರೆ, ಒಂದು ಪಕ್ಕಾ ಸಾಲಿ ಮಾಸ್ತರಂದು. ಒಬ್ಬರು ಬರ್ದ ಅರ್ಥಕ್ಕ ಇನ್ನೊಬ್ಬರು ಕಾಟು ಹಾಕಿ ತಪ್ಪು ಅಂತ ಬರ್ದಾರ, ಅದ್ರ ಕೆಳಗ ಮೂರನೇದವರು ಇಬ್ಬರದೂ ತಪ್ಪು ಅಂತ. ಒಂದು ಕಡಿ “ಇದನ್ನ ಲಿಂಗಸೂಗೂರ ಕಡಿ ಬ್ಯಾರೆ ಅಂತೀವಿ” ಅಂತ ಪುಟದ ತುದಿತನಕ ಕಥಿ ಬರ್ದು ಜಾಗ ಸಾಲ್ಲಾರ್ದ ಬಾಣ ಹಾಕಿ ಮುಂದಿನ ಪುಟಕ್ಕ ಹೋಗ್ಯಾರ. ಹೊಸಾ ಕಾಪಿ ಎಡಗಡಿ ರ್ಯಾಕಿನ್ಯಾಗ ಇತ್ತು, ನಾನು ಬೇಕಂತ್ಲೇ ಈ ಹಳೀದನ್ನೇ ಎರಡು ವಾರ ಇಟ್ಕೊಂಡೆ.

ಬಾಳ ಹರದಿರೋ ಬಾಡಿಗಿ ಪುಸ್ತಕ ಕುಂವೀ (ಕುಂ. ವೀರಭದ್ರಪ್ಪ) ಅವ್ರ ಅರಮನೆ, 2007ರ ಪ್ರಶಸ್ತಿ. ಕೊಟ್ಟೂರಿನವರು, ಭಾಷಿ ನಮಗ ಹೊಸಾದಲ್ಲ, ಅದಕ್ಕ ಕೈಯಿಂದ ಕೈಗಿ ಹೋಗಿ ಬೆನ್ನು ಕಿತ್ತು ಕಾಕಾ ಸೂಜಿ ದಾರದಾಗ ಹೊಲದಾರ. ಕುಂವೀ 2015ರಾಗ ಸಂಶೋಧಕ ಎಂ.ಎಂ. ಕಲಬುರ್ಗಿ ಅವ್ರ ಕೊಲೆ ಆದಮ್ಯಾಲೆ ಪ್ರಶಸ್ತಿ ವಾಪಸ್ ಕೊಟ್ರಲ್ಲ, ಹಂಗಾದ್ರ ಅರಮನೆನ ಪ್ರಶಸ್ತಿ ಗೋಡಿಯಿಂದ ತೆಗೀಬೇಕೋ ಬ್ಯಾಡೋ ಅಂತ ಒಂದು ಜಗಳ ಈಗ್ಲೂ ನಡದದ. ಪುಸ್ತಕ ಮಾತ್ರ ಅಲ್ಲೇ ಅದ.

ಇಷ್ಟು ಹೊಗಳೀನಿ ಅಂತ ಎಲ್ಲಾ ಸರಿ ಅದ ಅಂತಲ್ಲ. ಯಶವಂತ ಚಿತ್ತಾಲರ ಕಥೆಯಾದಳು ಹುಡುಗಿ (1983ರ ಪ್ರಶಸ್ತಿ, ಕಥೆಗಳಿಗಿ ಬಂದಿದ್ದು ಅಂತ ನಂಗ ಅದ್ರ ಮ್ಯಾಲೆ ಜಾಸ್ತಿ ಆಸಿ) ಬೇಕು ಅಂತ 200 ರೂಪಾಯಿ ಅಡ್ವಾನ್ಸ್ ಕೊಟ್ಟಿದ್ದೆ. ತರಿಸಿದ್ರು, ತರಿಸಿ ನಾನು ಡ್ಯೂಟಿ ಮ್ಯಾಲೆ ಇದ್ದಾಗ ಯಾರೋ ಕಾಲೇಜ್ ಮೇಡಮ್ಮಿಗಿ ಕೊಟ್ಟುಬಿಟ್ರು, ಅವ್ರಿಗಿ ಪಾಠಕ್ಕ ಬೇಕಿತ್ತಂತ. ಫೋನ್ ಆದ್ರೂ ಮಾಡಬೇಕಲ್ಲ, ಅದೂ ಇಲ್ಲ. ಸಿಟ್ಟಿಗಿ, ಮೇಡಮ್ಮರ ಕಾಪಿ ತಗೊಂಡು ಮುಂದಿರೋ ಮಶೀನಿನ್ಯಾಗ ಝೆರಾಕ್ಸ್ ಹೊಡ್ದು ಕೊಡ್ರಿ ಹಂಗಾದ್ರ ಅಂದೆ. “ಆಧಾರ್ ಕಾರ್ಡ್ ಎಷ್ಟು ಬೇಕಾದ್ರೂ ಹೊಡಿತೀನಿ, ಚಿತ್ತಾಲರನ್ನ ಹೊಡಿಯಂಗಿಲ್ಲ” ಅಂದ್ರು. ಸರಿ ಮಾತೇ, ಆದ್ರ ನನ್ನ ಅಡ್ವಾನ್ಸ್ ಎರಡು ತಿಂಗಳಾತು ಅಲ್ಲೇ ಅದ.

ಹೆಂಗಸರು ಬರ್ದ ಕಥಿ, ಕಾದಂಬರಿನೂ ಕಡಿಮಿ. ಗೋಡಿ ಮ್ಯಾಲೆ ಗೀತಾ ನಾಗಭೂಷಣ ಅವ್ರ ಬದುಕು ಅದ, 2004ರದ್ದು, ನಮ್ಮ ಕಲಬುರ್ಗಿಯವರು, ವೈದೇಹಿ ಅವ್ರ ಕ್ರೌಂಚ ಪಕ್ಷಿಗಳು ಅದ, 2009, ಅಲ್ಲಿಗಿ ಮುಗೀತು. ತಪ್ಪು ಅಕಾಡೆಮೀದೂ ಅದ ಬಿಡ್ರಿ, ಕಾಕಾಂದಷ್ಟೇ ಅಲ್ಲ, ಆದ್ರ ಪ್ರಶಸ್ತಿ ಬರ್ಲಾರದವ್ರ ಪುಸ್ತಕ ಇಡಾಕ ಯಾರೂ ಬ್ಯಾಡ ಅಂದಿಲ್ಲಲ್ಲ. 2025ರ ಮೇ ತಿಂಗಳದಾಗ ಬಾನು ಮುಷ್ತಾಕ್ ಅವ್ರಿಗಿ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ದಿನಾ ಮಂದಿ ಬಂದು ಬೂಕರ್ ಬುಕ್ ಕೊಡ್ರಿ ಅಂತ ಕೇಳ್ತಿದ್ರು, ರ್ಯಾಕಿನ್ಯಾಗ ಅವ್ರದು ಒಂದೂ ಇದ್ದಿಲ್ಲ, ಕಾಕಾನ ಮುಖ ನೋಡಬೇಕಿತ್ತು. ಪ್ರಶಸ್ತಿ ಬಂದಿದ್ದು ದೀಪಾ ಭಾಸ್ತಿ ಅವ್ರು ಇಂಗ್ಲಿಷಿಗಿ ತಂದ ಹನ್ನೆರಡು ಕಥೀಗಿ, ಕನ್ನಡದಾಗ ಆ ಕಥಿ ಬ್ಯಾರೆ ಬ್ಯಾರೆ ಸಂಕಲನದಾಗ ಬಂದಿದ್ವು ಅಂತ ಒಬ್ಬೊಬ್ಬರಿಗೂ ತಿಳಿಸಿ ಹೇಳಿ ಹೇಳಿ ಸಾಕಾಗಿ ಅವ್ರು ಅದಕ್ಕೂ ಒಂದು ರಟ್ಟು ಬರ್ದು ಹಾಕಿದ್ರು.

ಉಳಿದದ್ದು: ಫೋನ್‌ಪೇ ನಡಿತದ. ಬ್ಯಾಸಿಗಿಯಾಗ ಮಧ್ಯಾಹ್ನ ಹೋಗಬ್ಯಾಡ್ರಿ, ಒಳಗ ಒಂದೇ ಫ್ಯಾನು, ಅದೂ ಕಾಕಾನ ಕಡಿ ತಿರುಗಿರ್ತದ. ಬಾಡಿಗಿ ಪುಸ್ತಕ ಲೇಟಾದ್ರ ದಿನಕ್ಕ 2 ರೂಪಾಯಿ, ಚೌಕಾಶಿ ನಡಿಯಂಗಿಲ್ಲ. ಐತವಾರ ಬಂದ್. ಪಂದ್ಯಕ್ಕ ಹೆಸರು ಬರಿಸೋದು ಡಿಸೆಂಬರ್ ಮೊದಲ ವಾರ, ಬರಿಯೋಕಿಂತ ಮೊದ್ಲು ಗೋಡಿ ಮ್ಯಾಲಿನ ರಟ್ಟು ಓದ್ರಿ.

ಐದಕ್ಕ ನಾಕು ಸ್ಟಾರ್. ಯಾರರ ಈ ವಾರ ಆ ಕಡಿ ಹೋದ್ರ ಶಕ್ತಿನಗರದಾಂವನ ಚಿತ್ತಾಲ ಬಂದದೇನು ಅಂತ ಒಂದು ಮಾತು ಕೇಳಿ ನೋಡ್ರಿ.