ವಿಎಂವೇರ್‌ಗೆ ಪ್ಯಾಚ್ ಹಾಕುವುದೋ, ಕೆವಿಎಂಗೆ ಹೋಗುವುದೋ?

ಲಿನಕ್ಸ್ ಕರ್ನಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ತನ್ನ ಒಳಗಿನ ಫಂಕ್ಷನ್‌ಗಳನ್ನು ಆವೃತ್ತಿಯಿಂದ ಆವೃತ್ತಿಗೆ ಹಾಗೆಯೇ ಉಳಿಸಿಕೊಳ್ಳುವ ಭರವಸೆ ನೀಡುವುದಿಲ್ಲವಾದ್ದರಿಂದ, ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು (ವರ್ಚುವಲ್ ಯಂತ್ರ) ಓಡಿಸುವ ವಿಎಂವೇರ್ ವರ್ಕ್‌ಸ್ಟೇಷನ್ನಿನ ವಿಎಂಮಾನ್, ವಿಎಂನೆಟ್ ಎಂಬ ಮಾಡ್ಯೂಲ್‌ಗಳು (ಕರ್ನಲ್‌ಗೆ ಸೇರಿಸುವ ಕೋಡ್ ತುಣುಕುಗಳು) ಹೊಸ ಕರ್ನಲ್ ಬಂದಾಗ ಕಂಪೈಲ್ ಆಗದೆ (ಯಂತ್ರ ಓಡಿಸಬಲ್ಲ ರೂಪಕ್ಕೆ ಬಾರದೆ) ನಿಲ್ಲುವುದುಂಟು. ಆಗ ಅವುಗಳ ಕೋಡ್‌ಗೆ ಪ್ಯಾಚ್ (ತಿದ್ದುಪಡಿ) ಹಾಕಿ, ಮರಳಿ ಕಂಪೈಲ್ ಮಾಡಿ, ಸಹಿಯಿಲ್ಲದ ಕೋಡನ್ನು ತಡೆಯುವ ಸೆಕ್ಯೂರ್ ಬೂಟ್ ಚಾಲ್ತಿಯಲ್ಲಿದ್ದರೆ ಮಾಡ್ಯೂಲ್‌ಗಳಿಗೆ ಡಿಜಿಟಲ್ ಸಹಿಯನ್ನೂ ಹಾಕಬೇಕಾಗುತ್ತದೆ. ಇದು ಕರ್ನಲ್ ಮಟ್ಟದಲ್ಲೇ ಓಡುವ ಕೋಡ್ ಆದ್ದರಿಂದ, ಯಾರು ಬರೆದರೆಂದು ತಿಳಿಯದ ಪ್ಯಾಚನ್ನು ಓದಿ ನೋಡದೆ ಬಳಸುವುದು ನಿಜಕ್ಕೂ ಅಪಾಯಕರ. ಇಂಥದ್ದೇ ಮತ್ತೊಂದು ತಂತ್ರಾಂಶವಾದ ವರ್ಚುವಲ್‌ಬಾಕ್ಸ್‌ಗೂ ಇದೇ ತೊಡಕಿದೆ. ಡಿಕೆಎಂಎಸ್ ಎಂಬ ಸಾಧನ ಹೊಸ ಕರ್ನಲ್ ಬಂದಾಗ ಮಾಡ್ಯೂಲ್‌ಗಳ ಮರುಕಂಪೈಲನ್ನು ತಾನೇ ನಡೆಸುತ್ತದೆಯೇ ಹೊರತು ಹೊಂದದ ಕೋಡನ್ನು ತಿದ್ದುವುದಿಲ್ಲ. ವರ್ಚುವಲ್ ಯಂತ್ರ ಓಡಿಸಲು ಲಿನಕ್ಸ್‌ನಲ್ಲೇ ಇರುವ ಸೌಲಭ್ಯವಾದ ಕೆವಿಎಂ 2007ರ 2.6.20 ಆವೃತ್ತಿಯಿಂದ ಕರ್ನಲ್‌ನ ಭಾಗವೇ ಆಗಿರುವುದರಿಂದ ಅದಕ್ಕೆ ಹೊರಗಿನ ಪ್ಯಾಚ್ ಬೇಕಿಲ್ಲ. ವಿಎಂವೇರ್‌ನ ಸ್ನ್ಯಾಪ್‌ಶಾಟ್‌ಗಳನ್ನು (ವರ್ಚುವಲ್ ಯಂತ್ರದ ಆಯಾ ಕ್ಷಣದ ಸ್ಥಿತಿಯ ಉಳಿಸಿದ ಪ್ರತಿಗಳು) ಬಿಡಲಾಗದವರು ದೀರ್ಘಾವಧಿ ಬೆಂಬಲದ ಕರ್ನಲ್‌ನಲ್ಲೇ ಉಳಿಯುವುದು ಲೇಸು. ಹೊಸದಾಗಿ ಆರಂಭಿಸುವವರಿಗೆ ನಾನು ಕೆವಿಎಂ ಅನ್ನೇ ಸೂಚಿಸುತ್ತೇನೆ.