ಉಡುಪಿಗೆ ಸಂದರ್ಭದ ಟ್ಯಾಗ್: ಕೈ, ನಿಯಮ, ಯಂತ್ರ ಮೂರನ್ನೂ ಬಳಸಿ ನೋಡಿದ ಮೇಲೆ

ಆನ್‌ಲೈನ್ ಮಳಿಗೆಯೊಂದರ ಕ್ಯಾಟಲಾಗ್ ನೋಡಿಕೊಳ್ಳುವುದು ನನ್ನ ಕೆಲಸ. ಜನ ಹುಡುಕಿಯೂ ಏನೂ ಸಿಗದ ಪದಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ಓದುತ್ತೇನೆ. ಒಮ್ಮೆ ಅದರಲ್ಲಿ ‘ಅಂತ್ಯಕ್ರಿಯೆಗೆ ಉಡುಪು’ ಎಂಬ ಸಾಲು ಕಂಡಿತು. ಅದರ ಕೆಳಗೆ, ಅದೇ ನಿಮಿಷದಲ್ಲಿ ‘ಸಾದಾ ಉಡುಪು’, ಮತ್ತೆ ‘ಹೊಳಪಿಲ್ಲದ ಕಪ್ಪು’. ಅಷ್ಟಕ್ಕೇ ಹುಡುಕಾಟ ನಿಂತಿತ್ತು. ಅಂಥ ಉಡುಪುಗಳು ನಮ್ಮಲ್ಲಿ ಹತ್ತಾರು ಇದ್ದವು. ಆದರೆ ಕ್ಯಾಟಲಾಗ್‌ನಲ್ಲಿ ಅವಕ್ಕೆ ಹಾಕಿದ್ದ ಟ್ಯಾಗ್, ಅಂದರೆ ಯಾವ ಸಂದರ್ಭಕ್ಕೆ ಎಂದು ಸೂಚಿಸುವ ಪದ, ‘ಪಾರ್ಟಿ’ ಎಂದಿತ್ತು. ಕಪ್ಪು ಉಡುಪೆಂದರೆ ಸಂಜೆಯ ಕೂಟಕ್ಕೆ ಎಂದು ಹಿಂದೆ ಯಾರೋ ನಿರ್ಧರಿಸಿದ್ದರು. ದುಃಖದಲ್ಲಿದ್ದ ಒಬ್ಬರನ್ನು ನಾವು ಬರಿಗೈಯಲ್ಲಿ ಕಳುಹಿಸಿದ್ದೆವು. ಅದು ನನ್ನನ್ನು ಬಹಳ ದಿನ ಕಾಡಿತು.

ಹಾಗಾಗಿ 240 ಉಡುಪುಗಳನ್ನು ಆರಿಸಿಕೊಂಡು, ಅವಕ್ಕೇ ನಾಲ್ಕು ಬೇರೆ ಬೇರೆ ವಿಧಾನಗಳಲ್ಲಿ ಟ್ಯಾಗ್ ಹಾಕಿ ಹೋಲಿಸಿದೆ. ಸಂದರ್ಭಗಳು ಏಳೇ: ಕಚೇರಿ, ಸಂದರ್ಶನ, ಮದುವೆ, ಸಂಜೆಯ ಕೂಟ, ಪ್ರಯಾಣ, ಮನೆ, ಶೋಕ. ಒಂದು ಉಡುಪಿಗೆ ಎರಡು ಸಂದರ್ಭಗಳಿಗಿಂತ ಹೆಚ್ಚು ಇರಬಾರದು. ಯಾವುದಕ್ಕೂ ಒಗ್ಗದಿದ್ದರೆ ಖಾಲಿ ಬಿಡಬಹುದು.

ಮೊದಲು ಕೈಯಿಂದ. ಉಡುಪನ್ನು ಕಣ್ಣಾರೆ ಕಂಡು, ಬಟ್ಟೆಯನ್ನು ಬೆರಳಲ್ಲಿ ಹಿಡಿದು ನೋಡಿ ಹಾಕುವ ಟ್ಯಾಗ್‌ಗೆ ಸಮನಾದದ್ದು ಬೇರೊಂದಿಲ್ಲ ಎಂದು ನಂಬಿದ್ದೆ. ಬೆಳಗ್ಗೆ ಹಾಕಿದ ಟ್ಯಾಗ್‌ಗಳ ಮಟ್ಟಿಗೆ ಅದು ನಿಜವೂ ಹೌದು. ಮಧ್ಯಾಹ್ನದ ಹೊತ್ತಿಗೆ ಕಾಲರ್ ಇರುವುದೆಲ್ಲ ‘ಕಚೇರಿ’ಯಾಗತೊಡಗಿತು. ಮೂರು ವಾರ ಬಿಟ್ಟು, ಹಳೆಯ ಟ್ಯಾಗ್‌ಗಳನ್ನು ಮುಚ್ಚಿಟ್ಟು, 40 ಉಡುಪುಗಳಿಗೆ ಹೊಸದಾಗಿ ಟ್ಯಾಗ್ ಹಾಕಿದೆ. ಹಲವು ಕಡೆ ನನ್ನ ಮಾತಿಗೆ ನಾನೇ ಒಪ್ಪಲಿಲ್ಲ. ಸಹೋದ್ಯೋಗಿಯ ಟ್ಯಾಗ್‌ಗಳೊಂದಿಗೆ ಹೋಲಿಸಿದಾಗ ಅಂತರ ಇನ್ನೂ ಹೆಚ್ಚಿತ್ತು. ಇಂಥ ಹೋಲಿಕೆಯಲ್ಲಿ ಬರೀ ಶೇಕಡಾವಾರು ನೋಡಬಾರದು. ಬಹುಪಾಲು ಉಡುಪು ‘ಕಚೇರಿ’ಯೇ ಆಗಿದ್ದರೆ ಇಬ್ಬರು ಕಣ್ಣು ಮುಚ್ಚಿ ಟ್ಯಾಗ್ ಹಾಕಿದರೂ ಎಷ್ಟೋ ಹೊಂದಿಕೊಳ್ಳುತ್ತವೆ. ಹೀಗೆ ಆಕಸ್ಮಿಕವಾಗಿ ಹೊಂದುವ ಪಾಲನ್ನು ಕಳೆದು ಅಳೆಯಲು ಜೇಕಬ್ ಕೊಹೆನ್ 1960ರಲ್ಲಿ ಕೊಟ್ಟ ಕಪ್ಪಾ ಎಂಬ ಅಳತೆಯಿದೆ. ಸ್ಪ್ರೆಡ್‌ಶೀಟ್‌ನಲ್ಲೇ ಲೆಕ್ಕ ಹಾಕಬಹುದು. ಅದನ್ನು ಹಾಕಿ ನೋಡಿದ ಮೇಲೆ ‘ಸಂದರ್ಶನ’ ಎಂಬ ಟ್ಯಾಗನ್ನೇ ಕೈಬಿಟ್ಟೆ. ಅದಕ್ಕೂ ‘ಕಚೇರಿ’ಗೂ ನಡುವಿನ ಗೆರೆ ಎಲ್ಲಿದೆ ಎಂದು ನಮ್ಮಿಬ್ಬರಲ್ಲಿ ಯಾರಿಗೂ ಹೇಳಲಾಗಲಿಲ್ಲ.

ಎರಡನೆಯದು ನಿಯಮ. ಹೆಚ್ಚು ದಿನ ಹಿಡಿದದ್ದೂ ಹೆಚ್ಚು ಕಲಿಸಿದ್ದೂ ಇದೇ. ನೂಲು, ತೋಳಿನ ಉದ್ದ, ಕಾಲರ್, ಬಣ್ಣ, ಅಲಂಕಾರ ಎಂದು ಕ್ಯಾಟಲಾಗ್‌ನಲ್ಲಿ ಕಾಲಂಗಳಿದ್ದವು. ಕಾಲರ್ ಇದ್ದು, ತೋಳು ಪೂರ್ತಿಯಿದ್ದು, ಒಂದೇ ಬಣ್ಣದ್ದಾದರೆ ಕಚೇರಿ ಎಂದು ಬರೆದೆ. ಮೊದಲ ಸುತ್ತಿನಲ್ಲೇ ಥಳಥಳಿಸುವ ಕಡುಗೆಂಪು ಸ್ಯಾಟಿನ್ ಶರ್ಟೊಂದು ಕಚೇರಿಯ ಸಾಲಿನಲ್ಲಿ ಬಂದು ಕುಳಿತಿತು. ಏಕೆಂದು ಹುಡುಕಿದೆ. ನೂಲಿನ ಕಾಲಂನಲ್ಲಿ ‘ಪಾಲಿಯೆಸ್ಟರ್’ ಎಂದಿತ್ತು, ಅದು ಸರಿಯೇ. ಆದರೆ ಸ್ಯಾಟಿನ್ ಎನ್ನುವುದು ನೂಲಲ್ಲ, ನೇಯ್ಗೆ. ಐದೆಳೆಯ ಸ್ಯಾಟಿನ್‌ನಲ್ಲಿ ಉದ್ದಕ್ಕೆ ಸಾಗುವ ಹಾಸಿನ ಎಳೆ, ಅಡ್ಡಲಾಗಿ ಬರುವ ನಾಲ್ಕು ಹೊಕ್ಕಿನ ಎಳೆಗಳ ಮೇಲೆ ಹಾದು ಐದನೆಯದರ ಅಡಿಗೆ ಇಳಿಯುತ್ತದೆ. ಮೇಲ್ಮೈಯಲ್ಲಿ ಹೀಗೆ ಉದ್ದುದ್ದ ಬಿದ್ದಿರುವ ಎಳೆಗಳೇ ಬೆಳಕನ್ನು ಒಟ್ಟಾಗಿ ಹಿಂದಕ್ಕೆಸೆಯುತ್ತವೆ. ಅದೇ ಪಾಲಿಯೆಸ್ಟರನ್ನು ಸಾದಾ ನೇಯ್ಗೆಯಲ್ಲಿ ನೇಯ್ದರೆ ಅಷ್ಟು ಹೊಳಪಿರುವುದಿಲ್ಲ. ನನ್ನ ನಿಯಮದಲ್ಲಿ ತಪ್ಪಿರಲಿಲ್ಲ, ಕ್ಯಾಟಲಾಗ್‌ನಲ್ಲಿ ನೇಯ್ಗೆಯ ಕಾಲಂ ಇರಲಿಲ್ಲ. ನೇಯ್ಗೆ, ಹೊಳಪು ಎಂಬ ಎರಡು ಕಾಲಂ ಸೇರಿಸಿದೆ. ಆ ಶರ್ಟಿನ ಜೊತೆಗೆ ಅದರಂತಹ ಇನ್ನಷ್ಟು ಉಡುಪುಗಳೂ ತಾವಾಗಿಯೇ ಸರಿಯಾದ ಜಾಗಕ್ಕೆ ಹೋದವು.

ಪ್ರಯಾಣದ ನಿಯಮದಲ್ಲಿ ಮಾತ್ರ ತಪ್ಪು ನನ್ನದೇ. ಲಿನನ್ ತಂಪು, ಹಗುರ, ಆದ್ದರಿಂದ ಪ್ರಯಾಣಕ್ಕೆ ಎಂದು ಬರೆದಿದ್ದೆ. ಲಿನನ್ ನೂಲು ಹಿಗ್ಗಿ ಕುಗ್ಗುವುದು ತೀರಾ ಕಡಿಮೆ. ಮಡಿಸಿಟ್ಟ ಕಡೆಯೆಲ್ಲ ಗೆರೆ ನಿಲ್ಲುತ್ತದೆ, ಪೆಟ್ಟಿಗೆಯಿಂದ ತೆಗೆದ ಕೂಡಲೇ ಹಾಕಿಕೊಳ್ಳಲಾಗದು. ಉಣ್ಣೆಯದು ಇದಕ್ಕೆ ಪೂರ್ತಿ ವಿರುದ್ಧ. ಒಂದು ರಾತ್ರಿ ತೂಗುಹಾಕಿದರೆ ಸುಕ್ಕಿನ ಬಹುಪಾಲು ತಾನೇ ಹೋಗುತ್ತದೆ. ಪ್ರಯಾಣ ಎಂಬ ಒಂದೇ ಪದದಲ್ಲಿ ಸೆಕೆಯಲ್ಲಿ ತಿರುಗಾಡುವುದು, ಪೆಟ್ಟಿಗೆಯಲ್ಲಿ ಒಯ್ಯುವುದು ಎಂಬ ಎರಡು ಬೇರೆ ಅಗತ್ಯಗಳು ಬೆರೆತಿದ್ದವು. ಅವನ್ನು ಬೇರೆ ಮಾಡಿದ ಮೇಲೆ ಆ ಟ್ಯಾಗ್ ಉಪಯೋಗಕ್ಕೆ ಬಂತು.

ಮೂರನೆಯದು ಚಿತ್ರ ಓದುವ ಯಂತ್ರ. ಓಪನ್‌ಎಐ ಕಂಪನಿ 2021ರಲ್ಲಿ ಹೊರತಂದ ಕ್ಲಿಪ್ ಎಂಬ ಕೃತಕ ಬುದ್ಧಿಮತ್ತೆಯ ಮಾದರಿಯನ್ನು 40 ಕೋಟಿ ಚಿತ್ರ–ಬರಹ ಜೋಡಿಗಳ ಮೇಲೆ ತರಬೇತಿಗೊಳಿಸಲಾಗಿತ್ತು. ಅಲ್ಲಿಂದೀಚೆಗೆ ಪ್ರತ್ಯೇಕ ತರಬೇತಿ ಕೊಡದೆಯೇ ‘ಇದು ಮದುವೆಯ ಉಡುಪಿನ ಚಿತ್ರ’ ಎಂಬಂತಹ ವಾಕ್ಯಗಳ ಪಟ್ಟಿ ಕೊಟ್ಟು, ಯಾವ ವಾಕ್ಯ ಚಿತ್ರಕ್ಕೆ ಹತ್ತಿರ ಎಂದು ಕೇಳಬಹುದು. ಅದೇ ಬಗೆಯ ಮುಕ್ತ ಮಾದರಿಯೊಂದನ್ನು ಬಳಸಿದೆ. ವೇಗದ ಬಗ್ಗೆ ಎರಡು ಮಾತಿಲ್ಲ. 240 ಉಡುಪುಗಳ ಕೆಲಸ ನಾನು ಕೈತೊಳೆದು ಬರುವಷ್ಟರಲ್ಲಿ ಮುಗಿದಿತ್ತು. ಆದರೆ ಕಡುನೀಲಿ ಉಡುಪೊಂದಕ್ಕೆ ‘ಸಂಜೆಯ ಕೂಟ’ ಎಂದು ಬಂತು. ಚಿತ್ರದ ಹಿನ್ನೆಲೆಯಲ್ಲಿ ಮಂದ ಹಳದಿ ದೀಪಗಳಿದ್ದವು. ಅದೇ ಉಡುಪನ್ನು ಬಿಳಿ ಗೋಡೆಯ ಮುಂದೆ ತೂಗುಹಾಕಿ ತೆಗೆದ ಚಿತ್ರ ಕೊಟ್ಟೆ. ಈ ಸಲ ‘ಕಚೇರಿ’. ಮಾದರಿ ಇಡೀ ಚಿತ್ರವನ್ನು ನೋಡುತ್ತದೆ. ಛಾಯಾಗ್ರಾಹಕರು ಇಟ್ಟ ದೀಪಕ್ಕೂ ಉಡುಪಿಗೂ ಭೇದವೆಣಿಸುವುದಿಲ್ಲ. ಹಿನ್ನೆಲೆ ಕತ್ತರಿಸಿ ಕೊಟ್ಟರೆ ಫಲಿತಾಂಶ ಸುಧಾರಿಸುತ್ತದೆ. ‘ಶೋಕ’ವನ್ನು ಮಾತ್ರ ಅದರ ಕೈಗೆ ಕೊಡಲಾರೆ. ಕಪ್ಪು ಕಂಡಲ್ಲೆಲ್ಲ ಒಮ್ಮೆ ಕೂಟ, ಒಮ್ಮೆ ಶೋಕ ಎಂದಿತು. ಶೋಕಕ್ಕೆ ಕಪ್ಪು ಉಡುವವರಿರುವಂತೆ ಬಿಳಿ ಉಡುವವರೂ ಇದ್ದಾರೆ. ಚಿತ್ರದಿಂದ ಅದು ತಿಳಿಯುವಂಥದ್ದಲ್ಲ.

ನಾಲ್ಕನೆಯದು ಭಾಷಾ ಮಾದರಿಗೆ, ಅಂದರೆ ಬರಹ ಓದಿ ಬರಹದಲ್ಲೇ ಉತ್ತರಿಸುವ ಯಂತ್ರಕ್ಕೆ, ಉಡುಪಿನ ವಿವರಣೆ ಓದಿಸುವುದು. ಪೂರೈಕೆದಾರರ ವಿವರಣೆಯನ್ನು ಹಾಗೆಯೇ ಕೊಟ್ಟಾಗ ಕೆಲಸಕ್ಕೆ ಬಾರಲಿಲ್ಲ. ‘ಕಚೇರಿಗೂ ಕೂಟಕ್ಕೂ ಪ್ರವಾಸಕ್ಕೂ ಒಪ್ಪುತ್ತದೆ’ ಎಂದು ಅಲ್ಲಿ ಬರೆದಿರುತ್ತದೆ, ಮಾದರಿ ಅದನ್ನು ನಂಬುತ್ತದೆ. ಹೊಗಳಿಕೆಯನ್ನೆಲ್ಲ ತೆಗೆದು, ನಿಯಮಕ್ಕಾಗಿ ತುಂಬಿಸಿದ್ದ ಕಾಲಂಗಳನ್ನು ಮಾತ್ರ ಕೊಟ್ಟು, ಪಟ್ಟಿಯಲ್ಲಿರುವ ಪದಗಳಿಂದಲೇ ಆರಿಸಬೇಕು, ಯಾವ ಕಾಲಂ ನೋಡಿ ಆರಿಸಿದೆ ಎಂದೂ ಹೇಳಬೇಕು ಎಂದು ಕೇಳಿದಾಗ ಉತ್ತರಗಳು ಚೆನ್ನಾಗಿದ್ದವು. ಆದರೆ ಆ ಕಾಲಂಗಳೆಲ್ಲ ಭರ್ತಿಯಾಗಿದ್ದರೆ ನಿಯಮವೇ ಸಾಕಲ್ಲವೇ? ಎರಡು ನಿಯಮಗಳು ಪರಸ್ಪರ ವಿರೋಧಿಸುವ ಉಡುಪುಗಳಿಗೆ ಮಾತ್ರ ಈಗ ಅದನ್ನು ಕೇಳುತ್ತೇನೆ.

ಈ ಟ್ಯಾಗ್‌ಗಳನ್ನು ಎಲ್ಲಿ ಇಡುವುದು ಎಂಬುದನ್ನೂ ಹೇಳಿಬಿಡುತ್ತೇನೆ. ಆನ್‌ಲೈನ್ ಮಳಿಗೆ ನಡೆಸುವ ವೇದಿಕೆಯಾದ ಶಾಪಿಫೈನಲ್ಲಿ ಒಂದು ಉತ್ಪನ್ನಕ್ಕೆ 250 ಟ್ಯಾಗ್‌ಗಳವರೆಗೆ ಹಾಕಬಹುದು. ಆದರೆ ಅವು ಬಿಡಿ ಪದಗಳು. ‘ಬೇಸಿಗೆ’ಯೂ ‘ಮದುವೆ’ಯೂ ‘ರಿಯಾಯಿತಿ’ಯೂ ಒಂದೇ ರಾಶಿಯಲ್ಲಿ ಬೀಳುತ್ತವೆ. ಸಂದರ್ಭಕ್ಕೆಂದೇ ಒಂದು ಮೆಟಾಫೀಲ್ಡ್ (ನಾವೇ ಸೇರಿಸಿಕೊಳ್ಳುವ ಪ್ರತ್ಯೇಕ ಕಾಲಂ) ಮಾಡಿ, ಒಪ್ಪಿದ ಪದಗಳನ್ನು ಮಾತ್ರ ಅದರಲ್ಲಿ ಬಿಡುವುದು ಎಷ್ಟೋ ಮೇಲು. ಅಂಥದ್ದೇ ಇನ್ನೊಂದು ವೇದಿಕೆಯಾದ ವೂಕಾಮರ್ಸ್‌ನಲ್ಲಿ ಇದೇ ಕೆಲಸಕ್ಕೆ ಟ್ಯಾಗ್ ಬಿಟ್ಟು ಆಟ್ರಿಬ್ಯೂಟ್ (ಉತ್ಪನ್ನದ ಗುಣ ಬರೆಯುವ ಕಾಲಂ) ಬಳಸಬೇಕು. ಗೂಗಲ್‌ನಲ್ಲಿ ಉತ್ಪನ್ನಗಳು ಕಾಣಿಸಲೆಂದು ಗೂಗಲ್ ಮರ್ಚೆಂಟ್ ಸೆಂಟರ್‌ಗೆ ಕಳುಹಿಸುವ ಪಟ್ಟಿಯಲ್ಲಿ ಬಣ್ಣ, ಅಳತೆ, ಲಿಂಗ, ವಯೋಮಾನಗಳಿಗೆ ಜಾಗವಿದೆ, ಸಂದರ್ಭಕ್ಕೆಂದು ಇಲ್ಲ. ನಮ್ಮಿಷ್ಟದಂತೆ ತುಂಬಬಹುದಾದ ಐದು ಕಸ್ಟಮ್ ಲೇಬಲ್‌ಗಳಲ್ಲಿ ಒಂದನ್ನು ಅದಕ್ಕೆ ಕೊಡಬಹುದು, ಆದರೆ ಅದು ಜಾಹೀರಾತುಗಳನ್ನು ಗುಂಪು ಮಾಡಲಷ್ಟೇ ಹೊರತು ಕೊಳ್ಳುವವರ ಕಣ್ಣಿಗೆ ಬೀಳುವುದಿಲ್ಲ.

ನನ್ನ ಆಯ್ಕೆ ನಿಯಮವೇ. ತಪ್ಪಾದಾಗ ಏಕೆ ತಪ್ಪಾಯಿತು ಎಂದು ತೋರಿಸುವ ವಿಧಾನ ನಾಲ್ಕರಲ್ಲಿ ಅದೊಂದೇ, ಮತ್ತು ಒಂದು ಕಡೆ ತಿದ್ದಿದರೆ ಇಡೀ ಕ್ಯಾಟಲಾಗ್ ತಿದ್ದಿಕೊಳ್ಳುತ್ತದೆ. ಚಿತ್ರದ ಮಾದರಿಯನ್ನು ಕಾವಲಿಗೆ ಇಟ್ಟುಕೊಂಡಿದ್ದೇನೆ: ನಿಯಮ ‘ಕಚೇರಿ’ ಎಂದಾಗ ಅದು ‘ಸಂಜೆಯ ಕೂಟ’ ಎಂದರೆ ಆ ಉಡುಪು ನನ್ನ ಮುಂದೆ ಬರುತ್ತದೆ. ಸಂಗ್ರಹ ಸಣ್ಣದಿದ್ದು, ಒಬ್ಬರೇ ಟ್ಯಾಗ್ ಹಾಕುವುದಾದರೆ ಕೈಯೇ ಸಾಕು; ಬೆಳಗಿನ ಹೊತ್ತು ಮಾತ್ರ ಕೂರಬೇಕು.

‘ಶೋಕ’ಕ್ಕೆ ಮಾತ್ರ ಇಂದಿಗೂ ಎರಡು ಹಂತ. ಹೊಳಪಿಲ್ಲದ್ದು, ಚಮಕಿಯಿಲ್ಲದ್ದು, ಚಿತ್ತಾರವಿಲ್ಲದ್ದು, ಮೈತುಂಬುವಂಥದ್ದು ಎಂದು ನಿಯಮ ಆರಿಸುತ್ತದೆ. ಬಣ್ಣವನ್ನು ಕೊಳ್ಳುವವರಿಗೇ ಬಿಟ್ಟಿದ್ದೇವೆ. ಆಮೇಲೆ ಪ್ರತಿ ಉಡುಪನ್ನೂ ನಾನು ಕೈಯಲ್ಲಿ ಹಿಡಿದು ನೋಡುತ್ತೇನೆ, ಗುಂಡಿಗಳನ್ನೂ ಸಹ. ಕಳೆದ ವಾರ ಎಲ್ಲ ರೀತಿಯಿಂದಲೂ ಸರಿಯಿದ್ದ ಕಪ್ಪು ಉಡುಪಿನ ಬೆನ್ನಿನಲ್ಲಿ ಚಿನ್ನದ ಬಣ್ಣದ ಜಿಪ್ ಇತ್ತು. ಅದನ್ನು ಪಟ್ಟಿಯಿಂದ ತೆಗೆದೆ. ಜಿಪ್‌ನ ಬಣ್ಣಕ್ಕೆ ಹೊಸ ಕಾಲಂ ಸೇರಿಸಿದೆ.